ಕಾರು ಹೊರಡುವ ಮುನ್ನ

ಕಾರ್ಲೊವೊ
ಆಗಸ್ಟ್, ಭಾನುವಾರ

ಮಿಲ್ಕಾ,

ನೀನು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಕಾರಿಗೆ ಆಯಿಲ್ ಬದಲಿಸಿದ್ದಾಯಿತು, ಬ್ರೇಕೂ ಸರಿಯಿದೆ. ನಿನ್ನಕ್ಕ ರುಮ್ಯಾನ ಇದ್ದಾಗ ನೆಡುತ್ತಿದ್ದಷ್ಟೇ ದಪ್ಪಮೆಣಸಿನಕಾಯಿ ಸಸಿಗಳನ್ನು ಈ ಸಲವೂ ನೆಟ್ಟುಬಿಟ್ಟೆ. ಒಬ್ಬನಿಗೆ ವಿಪರೀತವಾಯಿತು. ನಿನಗೊಂದು ಬುಟ್ಟಿ ತೆಗೆದಿಟ್ಟಿದ್ದೇನೆ.

ಕಳೆದ ವಾರವೇ ಸಮುದ್ರಕ್ಕೆಂದು ಹೊರಟಿದ್ದೆ. ಗೇಟಿನವರೆಗೆ ಹೋಗಿ, ಕಾರನ್ನು ವಾಪಸು ತಂದು ಶೆಡ್ಡಿನಲ್ಲಿ ನಿಲ್ಲಿಸಿದೆ. ಪಕ್ಕದ ಮನೆಯ ಗೆಂಚೊ ಬೇಲಿಯಾಚೆಯಿಂದ, "ಏನಯ್ಯಾ ಅಸೆನ್, ಇಷ್ಟು ಬೇಗ ಸಮುದ್ರ ನೋಡ್ಕೊಂಡ್ ಬಂದ್ಬಿಟ್ಯಾ?" ಎಂದ. ಬ್ಯಾಟರಿ ಕೈಕೊಟ್ಟಿತು ಎಂದೆ. ಬ್ಯಾಟರಿ ಹೊಸದು.

ಪ್ರತಿ ವರ್ಷ ಹೊರಡುವಾಗ ರುಮ್ಯಾನ ಕಾರಿನ ಹಿಂದೆ ಒಂದು ಚೊಂಬು ನೀರು ಚೆಲ್ಲಿ, "ನೀರು ಹರ್ದಂಗೆ ಸಲೀಸಾಗಿ ಹೋಗ್ಬರೋಣ" ಎನ್ನುತ್ತ ಒದ್ದೆ ಚಪ್ಪಲಿಯಲ್ಲೇ ಓಡಿಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಕಾರೆಲ್ಲ ಕೆಸರು ಮಾಡ್ತೀಯಲ್ಲೇ ಎಂದು ನಾನು ಬೈಯುತ್ತಿದ್ದೆ.

ಶನಿವಾರ ಬೆಳಿಗ್ಗೆ ಬಾ. ಬಾಗಿಲ ಬಳಿ ಚೊಂಬು ತುಂಬಿಸಿಟ್ಟಿರುತ್ತೇನೆ. ನೀರು ಚೆಲ್ಲಿಕೊಟ್ಟು, ಮೆಣಸಿನಕಾಯಿ ತೆಗೆದುಕೊಂಡು ಹೋಗು. ನನ್ನ ಜೊತೆ ಸಮುದ್ರಕ್ಕೆ ಬರುವ ಮನಸ್ಸಿದ್ದರೂ ಸರಿ, ಹಿಂದಿನ ಸೀಟು ಖಾಲಿಯಿದೆ.

ಕಾರನ್ನು ಒಳಗೂ ಹೊರಗೂ ತೊಳೆದಿದ್ದೇನೆ. ಮುಂದೆ ನನ್ನ ಪಕ್ಕದ ಸೀಟಿನ ಕೆಳಗಿನ ಮ್ಯಾಟೊಂದನ್ನು ತೊಳೆದಿಲ್ಲ. ನೀನೂ ಕೊಡವಬೇಡ.

ನಿನ್ನ ಭಾವ,
ಅಸೆನ್