ಅವನಿಗೀಗ ಹದಿನೆಂಟು ತುಂಬಿದೆ

ಜನವರಿ 6, ಬೆಳಿಗ್ಗೆ

ಸಾರಿ. ಬರೆಯಬಾರದು ಅಂತಲೇ ಇದ್ದೆ. ಆರನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳಿಗೆ ಗೊತ್ತು — ಬರೆದದ್ದನ್ನು ಯಾರಾದರೂ ಓದೇ ಓದುತ್ತಾರೆ, ಆಮೇಲೆ ಊಟದ ಸಾಲಿನಲ್ಲಿ ನಗುತ್ತಾರೆ. ಆದರೂ... ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.

ಬಿಸಿನೀರಿನ ಕ್ಯೂನಲ್ಲಿ ಬಕೆಟ್ ಇಟ್ಟು ಬಂದಿದ್ದೇನೆ. ಆಮೇಲೆ ಅಕೌಂಟ್ಸ್ ಕ್ಲಾಸ್.

ನಿನ್ನೆ ಪ್ರಿನ್ಸಿಪಾಲರು ಕರೆದಿದ್ದರು. ಹುಡುಗರು ಮಚ್ಚು, ಕುಡುಗೋಲು ಹಿಡಿಯದ ಹಾಗೆ ನೋಡಿಕೊಳ್ಳಲು ಫಂಡ್ ಬಂದಿದೆಯಂತೆ. ಪೊಲೀಸ್, ಕಾಲೇಜು, ಆಸ್ಪತ್ರೆ, ಹಂಪಮ್ಮ ಮೇಡಂ ನಡೆಸುವ ಸಂಸ್ಥೆ — ಎಲ್ಲ ಸೇರಿ ಒಂದು ಕಮಿಟಿ. ಕೊಟ್ಟೂರು, ಹಡಗಲಿಯಲ್ಲಿ ಆಗಲೇ ಶುರು. ಹರಪನಹಳ್ಳಿಗೆ ಸ್ಟೂಡೆಂಟ್ ಮೆಂಬರ್ ನಾನು.

"ನಿಮ್ಮ ಮನೆಯವರೇ ಅನುಭವಿಸಿದ್ದಾರಲ್ಲಮ್ಮ ಸುಮಂಗಲಾ, ಸೂಟ್ ಆಗ್ತೀಯ" ಅಂದರು.

ಸೂಟ್! ಸೀರೆಗೆ ಬ್ಲೌಸ್ ಸೂಟ್ ಆದ ಹಾಗೆ. ಥ್ಯಾಂಕ್ಯೂ ಸರ್ ಅಂದು ಬಂದೆ. ಯಾವಾಗಲೂ ಹಾಗೇ ಅನ್ನುತ್ತೇನೆ.

ಜನವರಿ 9

ಮೊದಲ ಮೀಟಿಂಗ್. ಬಸ್ ಸ್ಟ್ಯಾಂಡ್ ಹಿಂದಿನ ಸೆಂಟರ್. ಒಳಗೆ ಹೋದರೆ — ಅವನು. ಕುರ್ಚಿ ಹಾಕುತ್ತಿದ್ದಾನೆ. ನೀಲಿ ಟೀ ಶರ್ಟ್, ಎದೆಯ ಮೇಲೆ 'ಯುವಮಿತ್ರ'. ಗವಿಸಿದ್ದೇಶ.

ಹೋದ ವರ್ಷ ನಮ್ಮೂರು ಚಿಗಟೇರಿಯಲ್ಲಿ, ಯಾರದೋ ಬರ್ತ್‌ಡೇ. ರೀಲ್ಸ್‌ಗೆ ಅಂತ ಇವನು ಕುಡುಗೋಲಿನಿಂದ ಕೇಕ್ ಕತ್ತರಿಸಿದ. ನಮ್ಮ ಅಣ್ಣ ಮೌನೇಶ ನಕ್ಕ. ಅಷ್ಟೇ. ಅದೇ ಕುಡುಗೋಲು ಅಣ್ಣನ ಬಲಗೈ ಮೇಲೆ. ಕ್ರೀಮ್ ಇನ್ನೂ ಅದಕ್ಕೆ ಮೆತ್ತಿಕೊಂಡಿತ್ತು. ಅಣ್ಣ ಟೈಲರ್. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಕತ್ತರಿ ಎಡಗೈಗೆ ಹೋಗಿದೆ.

ಅವನಿಗೆ ಆಗ ಹದಿನೆಂಟು ತುಂಬಿರಲಿಲ್ಲ. ಹಾಗಾಗಿ ಬಾಲಮಂದಿರ, ಕೌನ್ಸೆಲಿಂಗ್, ವಾಪಸ್ ಮನೆ. ಈಗ ಮೇಲಿಂದ ಕೆಲಸ ಬೇರೆ — ಹುಡುಗರಿಗೆ ಬುದ್ಧಿ ಹೇಳುವ ಯುವಮಿತ್ರ.

"ಅಕ್ಕಾರ, ಚಾ ತಗೋರಿ" ಅಂದ. ನೆಲ ನೋಡುತ್ತಾ. ತಗೊಂಡೆ. ಅವನೆದುರಿಗೇ ಕಿಟಕಿಯಿಂದ ಚೆಲ್ಲಿದೆ.

ಹಂಪಮ್ಮ ಮೇಡಂ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಕಳ್ಳನ ಕೈಯಾಗ ಬೀಗದ ಕೈ ಕೊಟ್ಟೀನಿ ಅಂತ ಊರೆಲ್ಲ ನಗ್ತೈತಿ ನನ್ನ. ನಗ್ಲಿ ಬಿಡವ್ವ. ನಾ ಹೇಳಿದ್ರ ಹುಡುಗ್ರು ಆಕಳಿಸ್ತಾರ, ಇವ ಹೇಳಿದ್ರ ಕೇಳ್ತಾರ. ಇವನ ಮನ್ಯಾಗ ಅಪ್ಪ ಇಲ್ಲ, ಬಿಟ್ಟು ಹೋಗ್ಯಾನ. ಅದು ನಮ್ಮೊಳಗ ಇರ್ಲಿ."

ಆಮೇಲೆ ರೂಲ್ಸ್ ಓದಿದರು. ಇಪ್ಪತ್ತೇಳಕ್ಕೆ ರಿವ್ಯೂ ಟೀಮ್ ಬರುತ್ತದೆ. ಅಷ್ಟರೊಳಗೆ ಯುವಮಿತ್ರನೇ ಯಾರ ಮೇಲಾದರೂ ಕೈ ಎತ್ತಿದರೆ ಅವನ ಕೆಲಸವೂ ಹೋಯಿತು, ಹರಪನಹಳ್ಳಿಯ ಫಂಡೂ ನಿಂತಿತು.

ಅವನಿಗೀಗ ಹದಿನೆಂಟು ತುಂಬಿದೆ. ಈಗ ಹೊಡೆದರೆ ಬಾಲಮಂದಿರ ಅಲ್ಲ. ಜೈಲು.

ಮೀಟಿಂಗ್ ಮುಗಿಯುವವರೆಗೂ ಅದನ್ನೇ ಯೋಚಿಸಿದೆ. ಎಷ್ಟು ದಿನಗಳ ಮೇಲೆ ಹಸಿವಾಯಿತು!

ಜನವರಿ 15, ಚಿಗಟೇರಿ

ಸಂಕ್ರಾಂತಿ ರಜೆ. ಮಾಳಿಗೆ ಮೇಲೆ ಅಂಜಿನಿಗೆ ಎಲ್ಲ ಹೇಳಿದೆ. ಚಿಕ್ಕಪ್ಪನ ಮಗ, ಹತ್ತೊಂಬತ್ತು, ಹರಪನಹಳ್ಳಿಯಲ್ಲಿ ವೆಲ್ಡಿಂಗ್ ಶಾಪ್‌ನಲ್ಲಿದ್ದಾನೆ. ಅಣ್ಣ ಅಂದರೆ ಪ್ರಾಣ.

"ನಾವು ಮುಟ್ಟಬಾರದು. ಅವನೇ ಕೈ ಎತ್ತಬೇಕು. ನೀ ಕೆಣಕು, ನಿನ್ನ ಫ್ರೆಂಡ್ ವಿಡಿಯೋ ಮಾಡ್ಲಿ."

"ಲೇ ಅಕ್ಕ! ಲೆಕ್ಕ ಕಲಿಯಾಕ ಹೋಗಿ ವಿಲನ್ ಆಗಿ ಬಂದೀಯಲ್ಲ! ಏನಂದ್ರ ಉರೀತೈತಿ ಅವಗ?"

"ಅವರಪ್ಪನ ಸುದ್ದಿ ತೆಗಿ."

ಮೇಡಂ ನಂಬಿ ಹೇಳಿದ್ದು. ಹೇಳಿಬಿಟ್ಟೆ. ಗಿಲ್ಟ್? ಇಲ್ಲ. ಕೆಳಗೆ ಬಂದು ಎಣ್ಣೆಗಾಯಿ ಜೊತೆ ಸಜ್ಜಿ ರೊಟ್ಟಿ ತಿಂದೆ.

ಜನವರಿ 20

ವಿಡಿಯೋ ಬಂತು. ವಾಲಿಬಾಲ್ ಗ್ರೌಂಡ್.

"ಏನಲೇ ಯುವಮಿತ್ರ, ನಿಮ್ಮಪ್ಪ ಯಾರ ಜೊತಿ ಓಡಿ ಹೋಗ್ಯಾನ? ಹುಡುಕಾಕ ಫಂಡ್ ಬಂದಿಲ್ಲೇನು?" — ಅಂಜಿನಿ. ಸುತ್ತ ನಗು.

ಗವಿಸಿದ್ದೇಶ ಎರಡೂ ಕೈ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಒಳಗೆ ಮುಷ್ಟಿ ಉಬ್ಬಿದ್ದು ಕಾಣುತ್ತದೆ. ನಿಂತ. ನಿಂತೇ ಇದ್ದ.

"ಮುಗೀತಾ? ಬಾ, ಚಾ ಕುಡಿಯಾಣ."

"ಹೊಡಿಯೋ! ಹೊಡಿ!" ಅಂತ ಫೋನಿಗೆ ಕಿರುಚಿದೆ. ರೂಮ್‌ಮೇಟ್ ದುರ್ಗಾದೇವಿ ಓಡಿ ಬಂದಳು — "ಯಾರು ಬ್ಯಾಟಿಂಗು?"

ಅವನು ಒಳ್ಳೆಯವನಾಗುವುದು ನನಗೆ ಬೇಕಿಲ್ಲ. ಹಾಗಾದರೆ ನಾನು ಯಾರನ್ನು ದ್ವೇಷಿಸಲಿ?

ಜನವರಿ 24, ಸಂಜೆ

ಅಣ್ಣ ಹಾಸ್ಟೆಲ್ ಗೇಟಿಗೆ ಬಂದಿದ್ದ. ಹೊಲಿದ ಚೂಡಿದಾರ್ ಕೊಟ್ಟ. ಒಂದು ತೋಳು ಸ್ವಲ್ಪ ಉದ್ದ. ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಅವನೇ ಶುರು ಮಾಡಿದ.

"ಅಂಜಿನಿ ಎಲ್ಲಾ ಬಾಯಿ ಬಿಟ್ಟಾನ. ಸುಮಾ, ಗವಿಸಿದ್ದೇಶನ್ನ ಕೆಲಸಕ್ಕ ತಗೊಳ್ಳಾಕ ಮುಂಚೆ ಮೇಡಂ ನನ್ನ ಕೇಳ್ಯಾರ. ಹ್ಞೂಂ ಅಂದಾಂವ ನಾನು."

"ಕ್ಷಮಿಸಿಬಿಟ್ಯಾ?"

"ಕ್ಷಮಾ ಗಿಮಾ ಯಾಂವ ಮಾಡ್ಯಾನ? ಜೈಲಿಗೆ ಹೋದ್ರ ನನ್ನ ಮರ್ತುಬಿಡ್ತಾನ. ಇಲ್ಲಿದ್ರ ಸೆಂಟರಿಗೆ ಹೋಗಾಕ ದಿನಾ ನನ್ನ ಅಂಗಡಿ ಮುಂದ ಹಾಯಬೇಕು. ದಿನಾ ಈ ಕೈ ನೋಡಬೇಕು. ಇದು ನನ್ನ ಸೇಡು. ನೀ ಯಾಕ ನಡುವ ಬಾಯಿ ಹಾಕ್ತಿ?"

ಹೋಗುವಾಗ ತಿರುಗಿ ಅಂದ: "ಅಂಜಿನಿ ಕಣ್ಣಾಗ ಸಿಟ್ಟು ಕುದೀತೈತಿ. ನಿನ್ನ ಮಾತಂದ್ರ ಕೇಳ್ತಾನ. ಬ್ಯಾಡ ಅನ್ನು ಅವಗ."

ಅನ್ನಲಿಲ್ಲ. ಅಣ್ಣನ ಮೇಲೂ ಸಿಟ್ಟು. ರಕ್ತದ ಬಟ್ಟೆ ಒಗೆದವಳು ನಾನು. ಸೇಡು ಅವನೊಬ್ಬನದೇ ಹೇಗಾಗುತ್ತದೆ?

ಜನವರಿ 26, ಮಧ್ಯಾಹ್ನ

ಧ್ವಜಾರೋಹಣ ಮುಗಿಸಿ ಲಾಡು ಕ್ಯೂನಲ್ಲಿದ್ದೆ. ಅಂಜಿನಿಯ ವಾಯ್ಸ್ ನೋಟ್.

"ಅಕ್ಕ, ವಿಡಿಯೋ ಆಟ ಸಾಕು. ನಾಳಿಗೆ ಟೀಮ್ ಬರ್ತೈತಿ. ಶಾಪಿನ್ಯಾಗ ಒಂದು ರಾಡ್ ಚೂಪ ಮಾಡಿ ಇಟ್ಟೀನಿ. ಸಂಜಿಮುಂದ ಅವ ಸೆಂಟರಿಗೆ ಬೀಗ ಹಾಕಿ ಒಬ್ಬನೇ ಬರ್ತಾನ. ನೀ ಹೆಂಗ ಹೇಳ್ತಿ ಹಂಗ. ಏನ್ ಮಾಡ್ಲಿ?"

ನಿಜ ಬರೆಯುತ್ತೇನೆ. ಮೊದಲು ಖುಷಿಯಾಯಿತು. ಆಮೇಲೆ ಹೊಳೆಯಿತು — ಹದಿನೆಂಟು ಅಂಜಿನಿಗೂ ತುಂಬಿದೆ.

ಅವಸರದಲ್ಲಿ ಟೈಪ್ ಮಾಡಿದೆ. ಎಂದಿನ ಹಾಗೆ ಇಂಗ್ಲಿಷ್ ಅಕ್ಷರದ ಕನ್ನಡ. ಬಿಡ್ ಬ್ಯಾಡ. ಕಳಿಸಿದೆ. ಬ್ಲೂ ಟಿಕ್. ಹೆಬ್ಬೆರಳಿನ ಇಮೋಜಿ ಬಂತು. ಸದ್ಯ.

ಲಾಡು ಸಿಹಿ ಕಮ್ಮಿ.

ಅದೇ ದಿನ, ಸಂಜೆ

ಅವನ ರಿಪ್ಲೈ ಈಗ ನೋಡಿದೆ. ಮಧ್ಯಾಹ್ನವೇ ಬಂದಿದೆ.

'ಹ್ಞೂಂ ಅಕ್ಕ. ಬಿಡಂಗಿಲ್ಲ.'

ಬಿಡಂಗಿಲ್ಲ?

ನನ್ನ ಮೆಸೇಜ್ ಮತ್ತೆ ಓದಿದೆ. ಬಿಡು, ಬೇಡ — ನಾನು ಹೇಳಿದ್ದು ಇದು. ನಡುವೆ ಕಾಮಾ ಇಲ್ಲ. ಸ್ಪೇಸೂ ಬಿದ್ದಿಲ್ಲ. ಎರಡು ಮಾತು ಅಂಟಿಕೊಂಡಿವೆ. ಅವನು ಓದಿದ್ದು — ಬಿಡಬ್ಯಾಡ. ಅವನನ್ನು ಬಿಡಬೇಡ.

ಫೋನ್ ಮಾಡಿದೆ. ಸ್ವಿಚ್ ಆಫ್. ಹಂಪಮ್ಮ ಮೇಡಂ ಎತ್ತುತ್ತಿಲ್ಲ. ಅಣ್ಣನಿಗೆ ನೆಟ್‌ವರ್ಕ್ ಇಲ್ಲ. ವಾರ್ಡನ್ ರಜೆ, ಗೇಟಿಗೆ ಬೀಗ. ಪೊಲೀಸರಿಗೆ ಹೇಳಿದರೆ ಅಂಜಿನಿ ಇವತ್ತೇ ಒಳಗೆ.

ಇನ್ನು ಉಳಿದಿರುವುದು ಒಂದೇ ನಂಬರ್ — ಗವಿಸಿದ್ದೇಶನದು. ಕಮಿಟಿ ಗ್ರೂಪಿನಲ್ಲಿದೆ. ಸೇವ್ ಮಾಡಿಕೊಂಡಿರಲಿಲ್ಲ. ರಿಂಗ್ ಆಗುತ್ತಿದೆ, ಅವನು ಎತ್ತುತ್ತಿಲ್ಲ. ಮೆಸೇಜೇ ಗತಿ.

ಈ ಸಲ ಕನ್ನಡದಲ್ಲೇ. ಮೊದಲು ಇಲ್ಲಿ ಬರೆಯುತ್ತೇನೆ. ಎರಡು ಅರ್ಥ ಬರಬಾರದು.

ಗವಿಸಿದ್ದೇಶ್, ನಾನು ಮೌನೇಶನ ತಂಗಿ. ಸೆಂಟರ್‌ನಿಂದ ಹೊರಗೆ ಬರಬೇಡಿ. ಒಳಗಿನಿಂದ ಚಿಲಕ ಹಾಕಿಕೊಳ್ಳಿ. ಅಂಜಿನಿ ಬಂದರೆ ಬಾಗಿಲು ತೆಗೆಯಬೇಡಿ. ಅವನಿಗೆ ಏನೂ ಮಾಡಬೇಡಿ. ಓದಿದ ಕೂಡಲೇ ರಿಪ್ಲೈ ಮಾಡಿ.

ಎರಡು ಸಲ ಓದಿದೆ, ಕಳಿಸುತ್ತಿದ್ದೇನೆ.