ಭಾವನ ಹಗ್ಗ

ಮುಹರ್ರಕ್, ಬಹರೇನ್
ಏಪ್ರಿಲ್ ೨೩, ೨೦೧೯

ನನ್ನ ಮುದ್ದು ಗಾನಿಮ್,

ಅಲ್ಲಾಹನು ನಿನ್ನನ್ನು ಚೆನ್ನಾಗಿಟ್ಟಿರಲಿ. ಬೆನ್ನುನೋವು ಹೇಗಿದೆ? ರಾಸ್ ಅಲ್ ಖೈಮಾದಲ್ಲಿ ಹೊತ್ತು ಹೊತ್ತಿಗೆ ಊಟ ಮಾಡುತ್ತೀಯಾ? ಫೋನಂತೂ ಎತ್ತುವುದಿಲ್ಲ. ಅದಕ್ಕೇ ಪಕ್ಕದ ಮನೆಯ ನೂರಾಳ ಕೈಯಲ್ಲಿ ಈ ಕಾಗದ, ಜೊತೆಗೆ ಒಂದು ಸೀಸೆ ಮಹ್ಯಾವಾ. ನೀನು ಹೋದಮೇಲೆ ಆ ಮೀನಿನ ಗೊಜ್ಜನ್ನು ರೊಟ್ಟಿಯ ಅಂಚಿನವರೆಗೂ ಬಳಿದು ತಿನ್ನುವವರು ಈ ಮನೆಯಲ್ಲಿ ಯಾರೂ ಇಲ್ಲ.

ಹೊಸ ಬೋಟು ಬಂತು. ಬಿಳಿ ಫೈಬರ್, ಹಿಂದೆ ಎರಡು ಎಂಜಿನ್. ಅಪ್ಪನ ಮರದ ದೋಣಿ ಬಿಸಿಲೇರಿದ ಮೇಲೆ ಮುಟ್ಟುತ್ತಿದ್ದ, ಕಡಲೊಳಗಿನ ಮುತ್ತಿನ ಚಿಪ್ಪಿನ ದಿಬ್ಬವನ್ನು ಇದು ಚಹಾ ಆರುವುದರೊಳಗೆ ಮುಟ್ಟುತ್ತದೆ. ಆದರೂ ಆ ದೋಣಿ ಒಂದೊಂದು ಅಲೆಗೂ ಒಂದೊಂದು ರೀತಿ ನರಳುತ್ತಿತ್ತು, ಇದು ಬರೀ ಬಡಿಯುತ್ತದೆ. "ಇನ್ಮೇಲೆ ಬೆನ್ನಿಗೆ ಗಾಳಿ ಸಿಲಿಂಡರ್ ಕಣೋ, ನಿನ್ನ ಕೈಗೆ ರಜಾ!" ಎಂದು ನಿನ್ನ ಭಾವ ನಕ್ಕಿದ್ದು ನಿನಗೆ ಊರನ್ನೇ ಬಿಡುವಷ್ಟು ತಾಗಿತೆಂದು ಅವರಿಗೆ ಇನ್ನೂ ಹೊಳೆದಿಲ್ಲ. ಮುಳುಗುವವನ ಹಗ್ಗವನ್ನು ಹೆಂಡತಿಯ ತಮ್ಮನೇ ಹಿಡಿಯಬೇಕು, ಅಕ್ಕ ವಿಧವೆಯಾದಾಳೆಂಬ ಭಯಕ್ಕೆ ಅವನಷ್ಟು ಬೇಗ ಇನ್ಯಾರೂ ಮೇಲಕ್ಕೆ ಎಳೆಯಲಾರರು ಎಂದು ಅಪ್ಪ ನಿನ್ನನ್ನು ಅಲ್ಲಿ ಕೂರಿಸಿದ್ದು. ಆ ಜಾಗವನ್ನು ತಮಾಷೆಗಾದರೂ ಕಿತ್ತುಕೊಳ್ಳಬಾರದಿತ್ತು.

ಹೋದ ವಾರ ನಿನ್ನ ಭಾವ ಮೂಗಿನಲ್ಲಿ ರಕ್ತ ಸುರಿಸಿಕೊಂಡು ಮೇಲೆ ಬಂದರು. "ಉಸಿರು ಬಿಡ್ತಾ ಬಿಡ್ತಾ ನಿಧಾನ ಬನ್ನಿ ಅಂತ ಎಷ್ಟು ಸಲ ಬಡ್ಕೊಳ್ಳಲಿ ಚಿಕ್ಕಪ್ಪಾ?" ಎಂದು ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿಸುವ ಮುನೀರಾ ಅತ್ತೇಬಿಟ್ಟಳು. ಹಗ್ಗದ ದಿನಗಳಲ್ಲಿ ಉಸಿರು ಬಿಗಿಹಿಡಿದೇ ಬರುತ್ತಿದ್ದರಲ್ಲ, ಸಿಲಿಂಡರಿನ ಗಾಳಿಯನ್ನೂ ಹಾಗೆಯೇ ಎದೆಯಲ್ಲಿ ಹಿಡಿದು ಬುರ್ರನೆ ಬಂದಿದ್ದಾರೆ. ಆ ಗಾಳಿ ಮೇಲೇರುತ್ತಾ ಹಿಗ್ಗಿ ಶ್ವಾಸಕೋಶವನ್ನೇ ಸೀಳುತ್ತದಂತೆ. ದೇವರ ದಯೆ, ಆಸ್ಪತ್ರೆಯಲ್ಲಿ ನೋಡಿದಾಗ ಎದೆಗೆ ಏನೂ ಆಗಿರಲಿಲ್ಲ. "ಮೂವತ್ತು ವರ್ಷದ ಅಭ್ಯಾಸ ಕಣೇ, ಎದೆ ನನ್ನ ಮಾತು ಕೇಳಲ್ಲ" ಎನ್ನುತ್ತಾರೆ. ಬಿಟ್ಟುಬಿಡಿ ಎಂದರೆ, "ಬಿಟ್ಟು? ನಿನ್ನ ಜೊತೆ ಕೂತು ಟೀವಿ ನೋಡ್ಲಾ?"

ನೂರಾ ಬಾಗಿಲಲ್ಲಿ ನಿಂತಿದ್ದಾಳೆ. ಚಿಕ್ಕಮ್ಮ ನಿನ್ನನ್ನು ನೆನೆದು ದಿನವೂ ಪ್ರಾರ್ಥಿಸುತ್ತಾರೆ. ಬಿಸಿಲಿಗೆ ತಲೆಗೆ ಬಟ್ಟೆ ಸುತ್ತಿಕೋ.

ನಿನ್ನ ಅಕ್ಕ,
ಹೆಸ್ಸಾ

ತಾ.ಕ.: ಶನಿವಾರ ಮತ್ತೆ ಮುಳುಗುತ್ತಾರೆ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಲು ಒಪ್ಪಿಸಿದ್ದೇನೆ. "ಹಿಡಿದರೆ ಗಾನಿಮ್ ಹಿಡೀಲಿ, ಬೇರೆಯವರ ಕೈಗೆ ನನ್ನ ಜೀವ ಕೊಡಲ್ಲ" ಎಂದರು. ಅವರಿಗೆ ಕ್ಷಮೆ ಕೇಳಲು ಬರುವುದು ಇಷ್ಟೇ. ಬಾ. ಅವರು ಮೇಲೇರುವಾಗ ನೀನು ಬರೀ ಸನ್ನೆಗೆಂದು ಹಗ್ಗವನ್ನು ಮೆಲ್ಲಗೆ ಜಗ್ಗುತ್ತಿರಬೇಕು, ಒಂದೊಂದು ಜಗ್ಗಿಗೂ ಅವರು ಉಸಿರು ಬಿಡಬೇಕು. ಮುನೀರಾ ಹೇಳಿಕೊಟ್ಟ ಉಪಾಯ. ನನ್ನ ಮೇಲಿನ ಪ್ರೀತಿಗೆ ನಿನ್ನ ಕೈ ಹೇಗೆ ಚುರುಕಾಗುತ್ತದೆಂದು ನನಗೆ ಗೊತ್ತು. ಈ ಸಲ, ಅದೇ ಪ್ರೀತಿಗಾಗಿ, ಮೇಲಕ್ಕೆ ಎಳೆಯಬೇಡ.