ಎಲ್ಲರ ಪರದೆಯಲ್ಲೂ ನನ್ನ ಐದು ಗಂಟೆ

ಜುಲೈ ೧೨, ಶುಕ್ರವಾರ ರಾತ್ರಿ.

ಬೆಳಿಗ್ಗೆ ಹೆಂಡತಿ ಕೊಟ್ಟ ಎಚ್ಚರಿಕೆ ಇಡೀ ದಿನ ಕಿವಿಯಲ್ಲೇ ಕೂತಿತ್ತು: "ಮಗಳ ನಾಟಕಕ್ಕೆ ಈ ಸಲಾನೂ ಬರದಿದ್ರೆ ಅವಳಿಗೆ ನೀವೇ ಸಮಾಧಾನ ಹೇಳ್ಕೊಳ್ಳಿ." ಕೆಲಸಕ್ಕೆ ಕೂತರೆ ನನಗೆ ಗಡಿಯಾರವೂ ಗೋಡೆಯೂ ಒಂದೇ. ಅದಕ್ಕೇ ಕಂಪ್ಯೂಟರಿಗೆ ಆಜ್ಞೆ ಬರೆಯುವ ಟರ್ಮಿನಲ್ ಕಿಟಕಿಯಲ್ಲಿ ಒಂದು ಸಾಲಿನ ಕಮಾಂಡ್ ಬರೆದಿಟ್ಟೆ: ಸರಿಯಾಗಿ ಐದಕ್ಕೆ ಪರದೆಯ ಮೇಲೆ ಬರಬೇಕು, "ಏಳಪ್ಪಾ ಮಹಾರಾಯ, ಮಗಳು ಕಾಯ್ತಿದ್ದಾಳೆ." ಅತಿಬುದ್ಧಿಗೆ ಕೇಳಬೇಕೇ, ಆಫೀಸಿನ ಎಲ್ಲರಿಗೂ ಸಂದೇಶ ಹೋಗುವ ಕಮಾಂಡನ್ನೇ ಬಳಸಿಬಿಟ್ಟಿದ್ದೆ.

ಐದಕ್ಕೆ ಪ್ರತಿ ಪರದೆಯ ಮೇಲೂ ಅದೇ ಸಾಲು. ನೋಡದವನು ನಾನೊಬ್ಬನೇ, ನನ್ನ ಟರ್ಮಿನಲ್ ಬೇರೆ ಕಿಟಕಿಗಳ ಅಡಿಯಲ್ಲೆಲ್ಲೋ ಮಲಗಿತ್ತು. ತಲೆಯೆತ್ತಿದರೆ ಸುತ್ತಲೂ ಜನ.

"ಏಳಪ್ಪಾ ಮಹಾರಾಯ!" ಎನ್ನುತ್ತ ಅಕೌಂಟ್ಸ್ ಮೇಡಂ ನನ್ನ ಚೀಲ ಹಿಡಿದು ನಿಂತಿದ್ದರು. ಮ್ಯಾನೇಜರ್ ಚಕ್ರದ ಕುರ್ಚಿ ಸಮೇತ ನನ್ನನ್ನು ಬಾಗಿಲವರೆಗೆ ತಳ್ಳಿದರು.

ಶಾಲೆಯ ಗೇಟಿನಲ್ಲಿ ಹೆಂಡತಿಗೆ ಗಾಬರಿ. "ಇಷ್ಟು ಬೇಗ! ಏನ್ರೀ, ಕೆಲಸದಿಂದ ತೆಗೆದ್ರಾ?"

"ತೆಗೀಲಿಲ್ಲ ಕಣೇ, ತಳ್ಳಿದ್ರು."

ಮಗಳದು ಮರದ ಪಾತ್ರ. ಮಾತೂ ಇಲ್ಲ, ಅಲ್ಲಾಡುವಂತೆಯೂ ಇಲ್ಲ. ನನ್ನನ್ನು ಕಂಡದ್ದೇ ತಡ, ಗಾಳಿಯೇ ಇಲ್ಲದ ಆ ಕಾಡಿನಲ್ಲಿ ಒಂದೇ ಒಂದು ಕೊಂಬೆ ಜೋರಾಗಿ ಬೀಸತೊಡಗಿತು. ಇದನ್ನು ಬರೆಯುವಾಗಲೇ ನಿದ್ದೆಗೆ ಕಣ್ಣೆಳೆಯುತ್ತಿದೆ, ಆದರೂ ಆ ಕೊಂಬೆ ಇನ್ನೂ ಕಣ್ಮುಂದೆ ಬೀಸುತ್ತ...